ಒಂದು ಪಾಲಿಸಿ, ಎರಡು ಭರವಸೆ

ಕಾರು ಕೊಳ್ಳುವವರು ಮೈಲೇಜು, ಸಾಲದ ಕಂತು, ಏರ್‌ಬ್ಯಾಗ್ ಎಲ್ಲವನ್ನೂ ವಾರಗಟ್ಟಲೆ ವಿಚಾರಿಸುತ್ತಾರೆ. ವಿಮೆಯ ವಿಷಯಕ್ಕೆ ಬಂದಾಗ ಮಾತ್ರ ಕೇಳುವುದು ‘ಎಷ್ಟಾಗುತ್ತೆ?’ ಎಂಬ ಒಂದೇ ಪ್ರಶ್ನೆ. ಷೋರೂಮಿನವರು ಕೊಟ್ಟ ಪಾಲಿಸಿ ಡ್ಯಾಶ್‌ಬೋರ್ಡಿನ ಖಾನೆ ಸೇರುತ್ತದೆ. ಮತ್ತೆ ಹೊರಬರುವುದು ಪೊಲೀಸರು ಕೈ ಅಡ್ಡ ಹಿಡಿದಾಗ, ಇಲ್ಲವೇ ಗಾಡಿ ಎಲ್ಲಾದರೂ ಗುದ್ದಿದಾಗ. ಅಪಘಾತದ ನಂತರ ವಿಮಾ ಕಂಪನಿಯ ಮೇಲೆ ಹುಟ್ಟುವ ಸಿಟ್ಟಿನ ಬೇರು ಬಹಳಷ್ಟು ಸಲ ಇಲ್ಲೇ ಇರುತ್ತದೆ. ಪಾಲಿಸಿಯೆಂಬ ಒಂದೇ ಕಾಗದದಲ್ಲಿ ಎರಡು ಬೇರೆ ಬೇರೆ ಭರವಸೆಗಳಿವೆ. ಒಂದು, ರಸ್ತೆಯಲ್ಲಿರುವ ಇತರರಿಗಾಗಿ ಕಾನೂನು ಕಡ್ಡಾಯ ಮಾಡಿದ್ದು. ಇನ್ನೊಂದು, ನಮ್ಮ ಗಾಡಿಗಾಗಿ ನಾವೇ ದುಡ್ಡು ಕೊಟ್ಟು ಮಾಡಿಕೊಂಡ ಒಪ್ಪಂದ. ಎರಡರ ನಿಯಮವೂ ಬೇರೆ, ಪರಿಹಾರ ಕೇಳುವ ಜಾಗವೂ ಬೇರೆ. ಇವನ್ನು ಬಿಡಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಕ್ಲೇಮಿನ ಹಣೆಬರಹ ಮುಕ್ಕಾಲು ಪಾಲು ಬರೆದಾಗುವುದು ಪಾಲಿಸಿ ಆರಿಸಿದ ದಿನವೇ.

ಮೊದಲನೆಯದು ಥರ್ಡ್ ಪಾರ್ಟಿ ವಿಮೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಇದಿಲ್ಲದೆ ಗಾಡಿ ರಸ್ತೆಗಿಳಿಯುವಂತಿಲ್ಲ. ಇದರ ಪ್ರೀಮಿಯಂ ಗೊತ್ತುಮಾಡುವುದು ಕಂಪನಿಯಲ್ಲ, ಸರ್ಕಾರ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕೂ ಮೇಲಿನದಕ್ಕೆ 7,897, ಜಿಎಸ್‌ಟಿ ಪ್ರತ್ಯೇಕ. ಈ ಹಣಕ್ಕೆ ಸಿಗುವ ರಕ್ಷಣೆ ದೊಡ್ಡದು. ನಮ್ಮ ಕಾರಿನಿಂದ ದಾರಿಹೋಕರೋ ಬೈಕಿನವರೋ ಸತ್ತರೆ, ಗಾಯಗೊಂಡರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಹೇಳಿದಷ್ಟನ್ನು ಕಂಪನಿ ಕೊಡಬೇಕು, ಅದಕ್ಕೆ ಮೇಲ್ಮಿತಿಯಿಲ್ಲ. ಇತರರ ಆಸ್ತಿ ಹಾನಿಗೆ ಮಾತ್ರ ಏಳೂವರೆ ಲಕ್ಷದ ಮಿತಿಯಿದೆ. ಸತ್ತವರ ವಯಸ್ಸು, ದುಡಿಮೆ, ಅವರನ್ನು ನಂಬಿದ್ದವರ ಸಂಖ್ಯೆ ಲೆಕ್ಕ ಹಾಕಿ ಪರಿಹಾರ ನಿಗದಿಯಾಗುವುದರಿಂದ ದುಡಿಯುವ ವಯಸ್ಸಿನವರ ವಿಷಯದಲ್ಲಿ ಮೊತ್ತ ಸುಲಭವಾಗಿ ಹತ್ತಾರು ಲಕ್ಷ ದಾಟುತ್ತದೆ.

ಇಲ್ಲೊಂದು ವಾದ ಕೇಳಿಬರುತ್ತದೆ. ವಿಮೆಯಿಲ್ಲದೆ ಮೊದಲ ಸಲ ಸಿಕ್ಕಿಬಿದ್ದರೆ ದಂಡ 2,000 ರೂಪಾಯಿ, ಕಾರಿನ ಪ್ರೀಮಿಯಂ ಅದಕ್ಕಿಂತ ಜಾಸ್ತಿ. ಸಿಕ್ಕಿಬಿದ್ದಾಗ ಕಟ್ಟಿದರಾಯಿತು ಎಂಬುದು. ದೇಶದ ವಾಹನಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ವಿಮೆಯೇ ಇಲ್ಲದಿರುವುದು, ಅದರಲ್ಲೂ ದ್ವಿಚಕ್ರ ವಾಹನಗಳೇ ಹೆಚ್ಚಿರುವುದು, ಸಿಕ್ಕಿಬಿದ್ದಾಗ ನೋಡಿಕೊಳ್ಳೋಣ ಎಂಬ ಧೋರಣೆ ಎಷ್ಟು ಹಬ್ಬಿದೆಯೆಂದು ತೋರಿಸುತ್ತದೆ. ಆದರೆ ದಂಡ ಕಟ್ಟಿದ ಮಾತ್ರಕ್ಕೆ ಪರಿಹಾರದ ಹೊಣೆ ಕಳಚುವುದಿಲ್ಲ. ವಿಮೆಯಿಲ್ಲದಿದ್ದರೆ ನ್ಯಾಯಮಂಡಳಿಯ ಆದೇಶ ನೇರ ಮಾಲೀಕನ ಮೇಲೆ ಬರುತ್ತದೆ. ಕಟ್ಟದಿದ್ದರೆ ಮನೆ, ಜಮೀನು ಜಪ್ತಿಗೆ ಬರುತ್ತವೆ. ಅವನ ಬಳಿ ಆಸ್ತಿಯೇ ಇಲ್ಲದಿದ್ದರೆ ಸತ್ತವರ ಮನೆಯವರ ಕೈಯಲ್ಲಿ ಉಳಿಯುವುದು ಆದೇಶದ ಪ್ರತಿ ಮಾತ್ರ. 2022ರ ಒಂದೇ ವರ್ಷದಲ್ಲಿ 1.68 ಲಕ್ಷ ಜನ ರಸ್ತೆಯಲ್ಲಿ ಸತ್ತ ದೇಶದಲ್ಲಿ ಇದನ್ನು ಬರೀ ಸ್ವಂತ ಲಾಭನಷ್ಟದ ಪ್ರಶ್ನೆಯೆಂದು ನೋಡಲಾಗದು.

ಹಾಗೆಂದು ಥರ್ಡ್ ಪಾರ್ಟಿ ಒಂದೇ ಸಾಕೆ? ಹಳೇ ಗಾಡಿಗೆ ಅಷ್ಟೇ ಸಾಕೆಂದು ಸುಮ್ಮನಾಗುವವರು ಒಂದು ಅಪಾಯ ಗಮನಿಸಿರುವುದಿಲ್ಲ. ಬರೀ ಕಾಯ್ದೆಯ ಮಟ್ಟದ ಆ ಪಾಲಿಸಿ ಖಾಸಗಿ ಕಾರಿನೊಳಗೆ ಕೂತವರನ್ನು ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ. ಅತ್ತೆ ಮಾವ, ಅಕ್ಕನ ಮಕ್ಕಳನ್ನು ಹತ್ತಿಸಿಕೊಂಡು ಧರ್ಮಸ್ಥಳಕ್ಕೆ ಹೊರಟವನ ಕಾರು ಘಾಟಿಯಲ್ಲಿ ಉರುಳಿದರೆ ಅವರ ಪಾಲಿನ ಪರಿಹಾರ ಅವನ ತಲೆಗೇ ಬರಬಹುದು. ಜನ ಫುಲ್ ಇನ್ಶೂರೆನ್ಸ್ ಎನ್ನುವ ಪ್ಯಾಕೇಜ್ ಪಾಲಿಸಿಯಲ್ಲಿ ಕಾರಿನೊಳಗಿದ್ದವರೂ ಸೇರುತ್ತಾರೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಗಾಡಿ ಹಳೆಯದಾದರೂ ಅದರಲ್ಲಿ ಕೂರುವ ಮನೆಯವರ ಜೀವದ ಬೆಲೆ ಇಳಿಯುವುದಿಲ್ಲ. ಮಾಲೀಕನೇ ಓಡಿಸುತ್ತಿದ್ದು ಸತ್ತರೆ ಸಿಗುವುದು ಬೇರೆ, 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ಅದಕ್ಕೆ ಅವನ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು.

ಎರಡನೆಯ ಭರವಸೆ ನಮ್ಮ ಗಾಡಿಯ ಹಾನಿಯದು. ಇದು ಪೂರ್ತಿ ಒಪ್ಪಂದ, ಬರೆದಷ್ಟೇ ಸಿಗುತ್ತದೆ. ಮೂರೂವರೆ ವರ್ಷದ ಸಣ್ಣ ಕಾರೊಂದರ ಮುಂಭಾಗ ಜಖಂ ಆಯಿತೆನ್ನಿ. ಬಂಪರ್ 8,000, ಬಾನೆಟ್ 12,000, ಮುಂದಿನ ಗಾಜು 7,000, ಕೂಲಿ 5,000, ಒಟ್ಟು 32,000 ರೂಪಾಯಿ. ಬಂಪರ್ ಪ್ಲಾಸ್ಟಿಕ್ಕಿನದು, ಹಾಗಾಗಿ ಅರ್ಧ ಕಡಿತ, ಸಿಗುವುದು 4,000. ಬಾನೆಟ್ ಲೋಹದ್ದು; ಮೂರರಿಂದ ನಾಲ್ಕು ವರ್ಷದ ಗಾಡಿಗೆ ಸವಕಳಿ ಶೇ 25, ಸಿಗುವುದು 9,000. ಗಾಜಿಗೂ ಕೂಲಿಗೂ ಸವಕಳಿಯಿಲ್ಲ. ಕೊನೆಗೆ 1500 ಸಿಸಿವರೆಗಿನ ಕಾರಿನ ಮಾಲೀಕ ಪ್ರತಿ ಕ್ಲೇಮಿಗೂ ಭರಿಸಲೇಬೇಕಾದ 1,000 ಕಳೆದರೆ ಕಂಪನಿ ಕೊಡುವುದು 24,000. ಉಳಿದ 8,000 ಕೈಯಿಂದಲೇ ಹೋಗಬೇಕು. ಗ್ಯಾರೇಜಿನಲ್ಲಿ ಮೋಸ ಎನಿಸುವುದು ಇದೇ ಕಡಿತ. ಆದರೆ ಅದು ಪಾಲಿಸಿಯಲ್ಲೇ ಅಚ್ಚಾಗಿರುತ್ತದೆ. ಜೀರೋ ಡೆಪ್ರಿಸಿಯೇಷನ್ ಎಂಬ ಹೆಚ್ಚುವರಿ ರಕ್ಷಣೆ ಕೊಂಡಿದ್ದರೆ ಸವಕಳಿಯ 7,000 ಉಳಿಯುತ್ತಿತ್ತು. ಪ್ರೀಮಿಯಂ ಇಳಿಸಲು ಗಾಡಿಯ ವಿಮಾ ಮೌಲ್ಯ, ಅಂದರೆ ಐಡಿವಿ, ಕಡಿಮೆ ತೋರಿಸುವುದೂ ಇಂಥದೇ ತಪ್ಪು ಉಳಿತಾಯ. ಕಾರು ಕಳುವಾದರೆ, ಇಲ್ಲವೇ ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಇತ್ಯರ್ಥವಾಗುವುದು ಆ ಮೌಲ್ಯದ ಮೇಲೆಯೇ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಸುತ್ತಮುತ್ತ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದಾಗ ಇದೇ ಪಾಠ ಇನ್ನೊಂದು ಬಗೆಯಲ್ಲಿ ಎದುರಾಯಿತು. ಪ್ರವಾಹದ ಹಾನಿ ಪ್ಯಾಕೇಜ್ ಪಾಲಿಸಿಯೊಳಗೇ ಬರುತ್ತದೆ. ಥರ್ಡ್ ಪಾರ್ಟಿ ಮಾತ್ರ ಇದ್ದವರಿಗೆ ಏನೂ ಸಿಗುವುದಿಲ್ಲ. ಆದರೆ ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಿದರೆ ಕತೆ ಬೇರೆ. ಗಾಳಿಯನ್ನು ಒತ್ತುವ ಪಿಸ್ಟನ್‌ಗೆ ನೀರನ್ನು ಒತ್ತಲಾಗದು; ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹಾಳಾಗುತ್ತದೆ. ಇದು ನೆರೆಯಿಂದ ನೇರವಾಗಿ ಆದ ಹಾನಿಯಲ್ಲ, ಆಮೇಲೆ ಮಾಡಿಕೊಂಡದ್ದು ಎಂದು ಕಂಪನಿ ತಕರಾರು ತೆಗೆಯುತ್ತದೆ. ಎಂಜಿನ್ ರಕ್ಷಣೆಯ ಆಡ್‌ಆನ್ ಇರುವುದು ಇದಕ್ಕಾಗಿಯೇ. ಮುಳುಗಿದ ಗಾಡಿಯ ಕೀ ತಿರುಗಿಸದೆ, ಬ್ಯಾಟರಿ ತಂತಿ ಬಿಡಿಸಿ, ಎಳೆದು ಒಯ್ಯುವ ಗಾಡಿ ಕರೆಸುವುದೊಂದೇ ಸರಿದಾರಿ.

ಅಪಘಾತವಾದ ಮೊದಲ ಕೆಲವು ಗಂಟೆಗಳು ಕ್ಲೇಮಿನ ಹಣೆಬರಹದ ಉಳಿದ ಕಾಲು ಪಾಲನ್ನು ತೀರ್ಮಾನಿಸುತ್ತವೆ. ಗಾಯಾಳುಗಳನ್ನು ಆಸ್ಪತ್ರೆಗೆ ಸೇರಿಸುವುದು ಮೊದಲು. ಆಮೇಲೆ ನಂಬರ್ ಪ್ಲೇಟ್ ಕಾಣುವಂತೆ ಫೋಟೊ, ಕಂಪನಿಗೆ ಕರೆ. ಯಾರಿಗಾದರೂ ಪೆಟ್ಟಾಗಿದ್ದರೆ ಪೊಲೀಸರಿಗೆ ಕಡ್ಡಾಯ ತಿಳಿವಳಿಕೆ. ಹಾನಿ ಅಂದಾಜು ಮಾಡುವ ಸರ್ವೇಯರ್ ನೋಡುವ ಮುನ್ನ ಗ್ಯಾರೇಜಿನವರು ಗಾಡಿ ಬಿಚ್ಚಬಾರದು. ಸ್ಥಳದಲ್ಲೇ ನಾಲ್ಕು ಕಾಸು ಕೊಟ್ಟು ರಾಜಿ ಮಾಡಿಕೊಂಡರೆ ಕೋರ್ಟು ಕಚೇರಿಯ ಅಲೆದಾಟ ತಪ್ಪುತ್ತದೆ ಎನ್ನುವವರಿದ್ದಾರೆ. ಬರೀ ಗೀರಿಗೆ ಆ ಮಾತು ಒಪ್ಪುತ್ತದೆ. ಸಣ್ಣಪುಟ್ಟದ್ದನ್ನು ಕ್ಲೇಮ್ ಮಾಡದಿರುವುದೇ ಎಷ್ಟೋ ಸಲ ಲಾಭ, ಏಕೆಂದರೆ ಐದು ವರ್ಷ ಕ್ಲೇಮ್ ಮಾಡದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 50ರವರೆಗೆ ಸಿಗುವ ನೋ ಕ್ಲೇಮ್ ಬೋನಸ್ ಒಂದೇ ಕ್ಲೇಮಿಗೆ ಹೋಗಿಬಿಡುತ್ತದೆ. ಮನುಷ್ಯರಿಗೆ ಪೆಟ್ಟಾದಾಗ ಮಾತ್ರ ರಾಜಿ ಅಪಾಯಕಾರಿ. ಒಳಪೆಟ್ಟು ಕಾಣುವುದು ನಾಳೆ ನಾಡಿದ್ದು. ದಾಖಲೆಯಿಲ್ಲದಿದ್ದರೆ ಗಾಯಾಳುವಿಗೂ ಕಷ್ಟ, ಗುದ್ದಿದವನಿಗೂ ಕಷ್ಟ.

‘ಏನೇ ಮಾಡಿದರೂ ಕಂಪನಿ ಕೊನೆಗೆ ನೆಪ ಹುಡುಕುತ್ತದೆ’ ಎಂಬ ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ನೆಪಗಳಿಗೆ ಕಾನೂನು ಒಂದೊಂದಾಗಿ ಬಾಗಿಲು ಹಾಕುತ್ತ ಬಂದಿದೆ. ಕಾರು ಕಳುವಾದ ಕೂಡಲೇ ಪೊಲೀಸರಿಗೆ ದೂರು ಕೊಟ್ಟಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ದಾಖಲೆ ಸಾಲದೆಂದು ಕ್ಲೇಮ್ ತಳ್ಳಿಹಾಕಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಸೂಚಿಸಿದೆ. ಸ್ವಂತ ಗಾಡಿಯ ಕ್ಲೇಮಿನ ಬಗ್ಗೆ ಕಂಪನಿಗೆ ಬರೆದ ದೂರಿಗೆ ತಿಂಗಳೊಳಗೆ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಹೋರಾಡುವ ದಾರಿಗಳಿವೆ, ಆದರೆ ಬರೆದಿಲ್ಲದ್ದನ್ನು ಯಾವ ದಾರಿಯೂ ಕೊಡಿಸಲಾರದು. ಪುಟಗಟ್ಟಲೆ ಸಣ್ಣಕ್ಷರದ ಇಂಗ್ಲಿಷನ್ನು ಸಾಮಾನ್ಯರು ಓದುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಯಾವುದು ಸೇರಿದೆ, ಯಾವುದು ಸೇರಿಲ್ಲ, ಎಷ್ಟು ಕಡಿತ ಎಂಬುದನ್ನು ಒಂದು ಪುಟದ ಕನ್ನಡದಲ್ಲಿ ಕೊಡುವುದು ಇಲ್ಲಿ ವ್ಯಾಪಾರ ಮಾಡುವ ಪ್ರತಿ ಕಂಪನಿಯ ಕರ್ತವ್ಯವಾಗಬೇಕು. ಅದು ಆಗುವವರೆಗೆ ನವೀಕರಣದ ದಿನ ಏಜೆಂಟರಿಗೆ ನಾಲ್ಕು ಪ್ರಶ್ನೆ ಹಾಕಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ: ಕಾರಿನೊಳಗೆ ಕೂತವರಿಗೆ ರಕ್ಷಣೆ ಇದೆಯೇ, ಐಡಿವಿ ಎಷ್ಟು, ಸವಕಳಿ ಕಡಿತ ಯಾರ ಪಾಲು, ನೀರು ಹೊಕ್ಕ ಎಂಜಿನ್ನಿಗೆ ಹೊಣೆ ಯಾರು?