ಮನೆಯಲ್ಲಿ ರನ್ ಆಯ್ತು, ಲ್ಯಾಬ್‌ನಲ್ಲಿ ಕೈಕೊಡ್ತು!

ಬಿಸಿಎ ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್ ವೈವಾ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಪಕ್ಕದಲ್ಲೇ ಕುಳಿತಿದ್ದರು. ನಾನೂ ನನ್ನ ಗೆಳೆಯನೂ ಎರಡು ತಿಂಗಳು ನಿದ್ದೆಗೆಟ್ಟು ಪೈಥಾನ್‌ನಲ್ಲಿ ಬರೆದಿದ್ದ ಹಾಜರಾತಿ ಪ್ರೋಗ್ರಾಂ ಅದು. ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ರನ್ ಕೊಟ್ಟೆ. ತೆರೆಯ ತುಂಬ ಕೆಂಪು ಅಕ್ಷರ. ಡೇಟಾ ಫೈಲ್ ತೆರೆಯಲಾಗುತ್ತಿಲ್ಲ ಎಂಬ ದೂರು. ಹಿಂದಿನ ರಾತ್ರಿವರೆಗೂ ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ.

"ಫೋಲ್ಡರ್ ಹೆಸರು ಏನಾದ್ರೂ ಬದಲಾಯಿಸಿದ್ಯೇನೋ?" ಎಂದು ಗೆಳೆಯನನ್ನು ಗದರಿದೆ.

"ಇಲ್ಲಿ 'ಟೆಸ್ಟ್' ಅನ್ನೋ ಫೋಲ್ಡರ್‌ಗೇ ಹಾಕ್ಬೇಕು ಅಂದ್ರು ಕಣೋ. ಕೋಡ್‌ನಲ್ಲೂ ಹಾಗೇ ತಿದ್ದಿದ್ದೀನಿ" ಎಂದ.

ನಾನು ನಂಬಲಿಲ್ಲ. "ಇವನೇ ಏನೋ ಹಾಳು ಮಾಡಿದ್ದಾನೆ ಸರ್" ಎಂದು ಪರೀಕ್ಷಕರ ಮುಂದೆಯೇ ಹೇಳಿಬಿಟ್ಟೆ. ಅವನ ಮುಖ ಸಣ್ಣದಾಯಿತು.

ಪರೀಕ್ಷಕರು ಮಾತ್ರ ಶಾಂತವಾಗಿದ್ದರು. "ಮೊದಲು ಎರರ್ ಓದಪ್ಪ. 'ಟೆಸ್ಟ್'ಗಿಂತ ಮುಂಚೆ ಎಷ್ಟು ಬ್ಯಾಕ್‌ಸ್ಲ್ಯಾಶ್ ಇದೆ? ಆಮೇಲೆ ಎಷ್ಟಿದೆ?" ಎಂದರು. ನೋಡಿದೆ. ಮುಂಚೆ ಒಂದು, ಆಮೇಲೆ ಎರಡು! ನಾನು ಎರಡೂ ಕಡೆ ಒಂದೊಂದೇ ಬರೆದಿದ್ದೆ.

ಗುಟ್ಟು ಇಷ್ಟೇ. ಪ್ರೋಗ್ರಾಂನ ಸ್ಟ್ರಿಂಗ್ ಒಳಗೆ '\' ಚಿಹ್ನೆಗೆ ವಿಶೇಷ ಅರ್ಥವಿದೆ. ಅದರ ಹಿಂದೆ 'ಎನ್' ಅಕ್ಷರ ಬಂದರೆ ಹೊಸ ಸಾಲು, 'ಟಿ' ಬಂದರೆ ಟ್ಯಾಬ್. ಸಿ ಭಾಷೆಯ ಈ ರೂಢಿಯನ್ನು ಜಾವಾ, ಪೈಥಾನ್‌ಗಳೂ ಉಳಿಸಿಕೊಂಡಿವೆ. ನಮ್ಮ 'ಟೆಸ್ಟ್' ಶುರುವಾಗುವುದೇ 'ಟಿ'ಯಿಂದ. ಹಾಗಾಗಿ ಪೈಥಾನ್ ಅಲ್ಲೊಂದು ಟ್ಯಾಬ್ ಇಟ್ಟಿತ್ತು. ಫೈಲ್ ಹೆಸರಿನಲ್ಲಿ ಟ್ಯಾಬ್ ಇದ್ದರೆ ವಿಂಡೋಸ್ ಒಪ್ಪುವುದಿಲ್ಲ. ಎರರ್ ತೋರಿಸುವಾಗ ನಿಜವಾದ ಬ್ಯಾಕ್‌ಸ್ಲ್ಯಾಶ್ ಅನ್ನು ಪೈಥಾನ್ ಎರಡಾಗಿ ತೋರಿಸುತ್ತದೆ. ಒಂದೇ ಕಂಡಿತೆಂದರೆ ಅದು ಬ್ಯಾಕ್‌ಸ್ಲ್ಯಾಶ್ ಆಗಿ ಉಳಿದಿಲ್ಲ ಎಂದೇ ಅರ್ಥ.

ಹಾಗಾದರೆ ಮನೆಯಲ್ಲಿ ಹೇಗೆ ನಡೆಯಿತು? ಅಲ್ಲಿ ಫೋಲ್ಡರ್ ಹೆಸರು 'ಪ್ರಾಜೆಕ್ಟ್'. '\' ಹಿಂದೆ 'ಪಿ' ಬಂದರೆ ವಿಶೇಷ ಅರ್ಥವಿಲ್ಲದ ಕಾರಣ ಪೈಥಾನ್ ಅದನ್ನು ಹಾಗೇ ಬಿಟ್ಟಿತ್ತು. ಅಂದರೆ ತಪ್ಪು ಮೊದಲ ದಿನದಿಂದಲೂ ನನ್ನದೇ. ಇಷ್ಟು ದಿನ ಅದೃಷ್ಟ ಕಾಪಾಡಿತ್ತು.

ಈ ತೊಡಕಿಗೆ ಹಳೆಯ ಕಾರಣವಿದೆ. ಯುನಿಕ್ಸ್‌ನಲ್ಲಿ ಫೋಲ್ಡರ್‌ಗಳ ನಡುವೆ '/' ಬಳಸುತ್ತಾರೆ. 1983ರಲ್ಲಿ ಎಂಎಸ್-ಡಾಸ್ 2.0ಕ್ಕೆ ಫೋಲ್ಡರ್ ವ್ಯವಸ್ಥೆ ಬರುವ ಹೊತ್ತಿಗೆ '/' ಅಲ್ಲಿ ಕಮಾಂಡ್‌ಗಳ ಆಯ್ಕೆ ಸೂಚಿಸಲು ಬಳಕೆಯಲ್ಲಿತ್ತು. ಹಾಗಾಗಿ '\' ಬಂತು. ವಿಂಡೋಸ್ ಅದನ್ನೇ ಮುಂದುವರಿಸಿತು.

ಪರಿಹಾರ ಕಷ್ಟವಲ್ಲ. ಪ್ರತಿ ಬ್ಯಾಕ್‌ಸ್ಲ್ಯಾಶ್ ಅನ್ನು ಎರಡು ಸಲ ಬರೆಯಬಹುದು. ಉದ್ಧರಣ ಚಿಹ್ನೆಯ ಮುಂದೆ 'ಆರ್' ಹಾಕಿದರೆ ಅದು 'ರಾ ಸ್ಟ್ರಿಂಗ್' ಆಗುತ್ತದೆ, '\' ತನ್ನ ವಿಶೇಷ ಅರ್ಥ ಕಳೆದುಕೊಳ್ಳುತ್ತದೆ. ಆದರೆ ರಾ ಸ್ಟ್ರಿಂಗ್ ಒಂಟಿ '\'ನಿಂದ ಮುಗಿಯುವಂತಿಲ್ಲ, ನೆನಪಿರಲಿ. ಪೈಥಾನ್‌ನಲ್ಲಿ '/' ಬರೆದರೂ ವಿಂಡೋಸ್ ಒಪ್ಪುತ್ತದೆ. ಎಲ್ಲಕ್ಕಿಂತ ಒಳ್ಳೆಯದು 2014ರಲ್ಲಿ ಪೈಥಾನ್ 3.4ರ ಜೊತೆ ಬಂದ 'ಪಾಥ್‌ಲಿಬ್'. ಅದು ವಿಂಡೋಸ್, ಲಿನಕ್ಸ್ ಎರಡಕ್ಕೂ ಹೊಂದುವಂತೆ ದಾರಿಯನ್ನು ತಾನೇ ಜೋಡಿಸುತ್ತದೆ.

ಪರೀಕ್ಷಕರು ಹತ್ತು ನಿಮಿಷ ಕೊಟ್ಟರು. ಒಂದೇ ಒಂದು 'ಆರ್' ಸೇರಿಸಿದೆ, ಪ್ರೋಗ್ರಾಂ ನಡೆಯಿತು. ಅಂಕವೂ ಬಂತು. ಆದರೆ ಹೊರಗೆ ಬಂದಾಗ ಗೆಳೆಯ ಮಾತಾಡಲಿಲ್ಲ. ಬಸ್ ಸ್ಟ್ಯಾಂಡ್‌ವರೆಗೂ ಅವನ ಹಿಂದೆಯೇ ನಡೆದು, "ತಪ್ಪು ನಂದೇ ಕಣೋ, ಅವರ ಮುಂದೆ ಹಾಗೆ ಅನ್ಬಾರ್ದಿತ್ತು" ಎಂದೆ. "ಎರರ್ ಓದೋಕೆ ಮುಂಚೆ ನನ್ನ ಮುಖ ಓದಿದ್ಯಲ್ಲ" ಎಂದು ನಕ್ಕ. ಆ ನಗುವಿನಲ್ಲಿ ಸ್ವಲ್ಪ ನೋವೂ ಇತ್ತು.

ಈಗ ಸಂದರ್ಶನಗಳಿಗೆ ಹೋಗುತ್ತಿದ್ದೇನೆ. "ನೀವು ಮಾಡಿದ ಒಂದು ತಪ್ಪು ಹೇಳಿ" ಎಂದರೆ ಈ ಕತೆಯನ್ನೇ ಹೇಳುತ್ತೇನೆ, ಗೆಳೆಯನನ್ನು ದೂರಿದ್ದನ್ನೂ ಸೇರಿಸಿ. ಕೋಡ್‌ನ ತಪ್ಪನ್ನು ಹತ್ತು ನಿಮಿಷದಲ್ಲಿ ತಿದ್ದಿದ್ದೆ. ಇನ್ನೊಂದಕ್ಕೆ ಹೆಚ್ಚು ಹೊತ್ತು ಹಿಡಿಯಿತು.