ರಾಜಧಾನಿಯಿಲ್ಲದ ನಾಡು: ಟೊಕೆಲಾವ್

ಪ್ರಪಂಚದ ಭೂಪಟದಲ್ಲಿ ಪೆಸಿಫಿಕ್ ಮಹಾಸಾಗರದ ನೀಲಿಯ ಮೇಲೆ ಬೆರಳಿಟ್ಟು ಹುಡುಕಿದರೂ ಟೊಕೆಲಾವ್ ಎಂಬ ನಾಡು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಶಾಲೆಯ ಗೋಡೆಗೆ ತೂಗುಹಾಕುವ ಭೂಪಟಗಳಲ್ಲಿ ಅದರ ಹೆಸರಿದ್ದರೆ, ಆ ಹೆಸರಿನ ಒಂದೊಂದು ಅಕ್ಷರವೂ ಆ ನೆಲಕ್ಕಿಂತ ನೂರಾರು ಪಾಲು ಹೆಚ್ಚು ಜಾಗವನ್ನು ಹಿಡಿದಿರುತ್ತದೆ. ಮೂರು ಹವಳದ್ವೀಪಗಳು, ಎಲ್ಲ ಕೂಡಿಸಿದರೆ ಸುಮಾರು 12 ಚದರ ಕಿಲೋಮೀಟರು ನೆಲ, ಸುಮಾರು 1,500 ಜನ. ನಮ್ಮ ಕಡೆಯ ಒಂದು ಸಾಧಾರಣ ಗ್ರಾಮದಲ್ಲಿ ಇದಕ್ಕಿಂತ ಹೆಚ್ಚು ಮನೆಗಳೂ ಹೊಲಗಳೂ ಇದ್ದಾವು. ಇಂಥ ಪುಟ್ಟ ಜನಸಮುದಾಯದ ಮುಂದೆ, ‘ನಿಮ್ಮ ಆಳ್ವಿಕೆಯನ್ನು ಪೂರ್ಣವಾಗಿ ನೀವೇ ವಹಿಸಿಕೊಳ್ಳುವಿರಾ?’ ಎಂಬ ಪ್ರಶ್ನೆ ಎರಡು ವರ್ಷಗಳೊಳಗೆ ಎರಡು ಸಲ ಬಂದಿತು. ಎರಡು ಸಲವೂ ಹೆಚ್ಚಿನವರು ‘ಹೌದು’ ಎಂದರು. ಎರಡು ಸಲವೂ ಆ ನಿರ್ಧಾರ ಬಿದ್ದುಹೋಯಿತು. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಆ ನಾಡಿನ ನೆಲ, ಊಟ, ಪಂಚಾಯಿತಿ ಇವೆಲ್ಲವನ್ನೂ ಸ್ವಲ್ಪ ನೋಡಬೇಕಾಗುತ್ತದೆ.

ನ್ಯೂಜಿಲೆಂಡಿಗೆ ಸೇರಿದ ಈ ಭೂಭಾಗವು ಸಮಭಾಜಕ ವೃತ್ತದ ದಕ್ಷಿಣಕ್ಕೆ 8 ಮತ್ತು 10 ಡಿಗ್ರಿ ಅಕ್ಷಾಂಶಗಳ ನಡುವೆ, ಸಮೋವಾ ದೇಶದಿಂದ ಉತ್ತರಕ್ಕೆ ಸುಮಾರು 500 ಕಿ.ಮೀ. ದೂರದಲ್ಲಿದೆ. ವಾಯವ್ಯದಿಂದ ಆಗ್ನೇಯಕ್ಕೆ ಅಟಾಫು, ನುಕುನೋನು, ಫಕಾಓಫೊ ಎಂಬ ಮೂರು ದ್ವೀಪಗಳು ಸಾಲಾಗಿವೆ. ಒಂದರಿಂದ ಇನ್ನೊಂದಕ್ಕೆ ಅರವತ್ತರಿಂದ ತೊಂಬತ್ತು ಕಿ.ಮೀ. ತೆರೆದ ಕಡಲು, ಒಂದರ ಮೇಲೆ ನಿಂತವರಿಗೆ ಇನ್ನೊಂದು ಕಾಣಿಸುವುದಿಲ್ಲ. ದ್ವೀಪ ಎಂದರೆ ಒಂದೇ ಗಟ್ಟಿ ನೆಲವೆಂದು ಭಾವಿಸಬಾರದು. ಸಮುದ್ರದಲ್ಲಿ ಬಳೆಯೊಂದನ್ನು ಇಟ್ಟಂತೆ ಹವಳದ ದಿಬ್ಬವೊಂದು ಸುತ್ತುವರಿದಿರುತ್ತದೆ. ಆ ಬಳೆಯ ಮೇಲೆ ಅಲ್ಲಲ್ಲಿ ಮರಳು ಕೂಡಿ ಕಿರಿದಾದ ತುಂಡು ನೆಲಗಳಾಗಿವೆ. ನಡುವೆ ಶಾಂತವಾದ ಉಪ್ಪುನೀರಿನ ಕೊಳ, ಅಂದರೆ ಲಗೂನು. ಲಕ್ಷದ್ವೀಪವನ್ನು ಕಂಡವರಿಗೆ ಈ ರಚನೆ ಹೊಸದಲ್ಲ. ಬೆಟ್ಟವಿಲ್ಲ, ಹೊಳೆಯಿಲ್ಲ, ತೊರೆಯಿಲ್ಲ. ಅತ್ಯಂತ ಎತ್ತರದ ಜಾಗವೂ ಕಡಲ ಮಟ್ಟದಿಂದ ಐದು ಮೀಟರಿನಷ್ಟೇ. ಆದರೆ ಈ ಮೂರು ಬಳೆಗಳ ಸುತ್ತ ಅವರ ಹಕ್ಕಿಗೆ ಸೇರಿದ ಕಡಲು ಮೂರು ಲಕ್ಷ ಚದರ ಕಿಲೋಮೀಟರನ್ನು ಮೀರುತ್ತದೆ. ಆ ಕಡಲಿನಲ್ಲಿ ಟ್ಯೂನಾ ಮೀನು ಹಿಡಿಯುವ ಪರದೇಶದ ಹಡಗುಗಳು ಕೊಡುವ ಪರವಾನಗಿ ಶುಲ್ಕವೇ ನ್ಯೂಜಿಲೆಂಡಿನ ನೆರವಿನ ತರುವಾಯ ಟೊಕೆಲಾವಿನ ಮುಖ್ಯ ಆದಾಯ.

ಅಲ್ಲಿಗೆ ಹೋಗುವುದೂ ಒಂದು ವ್ರತವೇ. ವಿಮಾನ ನಿಲ್ದಾಣವಿಲ್ಲ. ಸಮೋವಾದ ರಾಜಧಾನಿ ಏಪಿಯಾದಿಂದ ಹಡಗು ಹತ್ತಿ, ಒಂದು ಹಗಲು ಒಂದು ರಾತ್ರಿಯನ್ನು ಕಳೆದ ಮೇಲೆ ಮೊದಲ ದ್ವೀಪ ಕಾಣುತ್ತದೆ. ಬಂದರೆಂಬುದು ಇಲ್ಲವಾದುದರಿಂದ ಹಡಗು ಹೊರಗಡಲಿನಲ್ಲೇ ನಿಲ್ಲುತ್ತದೆ. ಜನರೂ ಸಾಮಾನೂ ಚಪ್ಪಟೆ ದೋಣಿಗಳಿಗೆ ಇಳಿದು, ಹವಳದ ದಿಬ್ಬವನ್ನು ಕಡಿದು ಮಾಡಿದ ಕಿರಿದಾದ ಹಾದಿಯಲ್ಲಿ ದಡ ಸೇರಬೇಕು. 2016ರಿಂದ ಸಂಚರಿಸುವ ಪ್ರಯಾಣಿಕರ ಹಡಗಿಗೆ ‘ಮತಾಲಿಕಿ’ ಎಂದು ಹೆಸರು. ಅದು ನಾವು ಕೃತ್ತಿಕೆ ಎಂದು ಕರೆಯುವ ನಕ್ಷತ್ರಪುಂಜದ ಹೆಸರು.

ಮರಳು ಮತ್ತು ಹವಳದ ಚೂರಿನ ಆ ನೆಲದಲ್ಲಿ ಬೆಳೆಯುವುದು ಸ್ವಲ್ಪವೇ: ತೆಂಗು, ಕೇದಗೆ, ಜೀಗುಜ್ಜೆ, ಮತ್ತು ಆಳವಾದ ಗುಂಡಿ ತೋಡಿ ಕೊಳೆತ ಎಲೆಗಳನ್ನು ತುಂಬಿ ಬೆಳೆಸುವ ಪುಲಾಕ ಎಂಬ ಕೆಸುವಿನ ಜಾತಿಯ ಗೆಡ್ಡೆ. ಕುಡಿಯುವುದಕ್ಕೆ ಛಾವಣಿಯಿಂದ ತೊಟ್ಟಿಗಿಳಿದ ಮಳೆಯ ನೀರು. ಮಳೆ ಕೈಕೊಟ್ಟರೆ ಸುತ್ತಲೂ ನೀರಿದ್ದೂ ಬಾಯಾರಬೇಕಾದ ಸ್ಥಿತಿ. 2011ರ ಅಕ್ಟೋಬರಿನಲ್ಲಿ ಹಾಗೆಯೇ ಆಯಿತು. ತುರ್ತುಸ್ಥಿತಿ ಘೋಷಿಸಿ, ಹಡಗಿನಲ್ಲಿ ಸಿಹಿನೀರು ತರಿಸಿಕೊಳ್ಳಬೇಕಾಯಿತು. ಅದೇ ವರ್ಷದ ಕೊನೆಯಲ್ಲಿ, ಸಮೋವಾದೊಡನೆ ವ್ಯವಹಾರಕ್ಕೆ ಅನುಕೂಲವಾಗಲೆಂದು, ಟೊಕೆಲಾವ್ ಅಂತರರಾಷ್ಟ್ರೀಯ ದಿನರೇಖೆಯ ಪೂರ್ವದ ಮಗ್ಗುಲಿನಿಂದ ಪಶ್ಚಿಮದ ಮಗ್ಗುಲಿಗೆ ಬದಲಾಯಿಸಿಕೊಂಡಿತು. ಅದರಿಂದಾಗಿ 2011ರ ಡಿಸೆಂಬರ್ 30 ಎಂಬ ದಿನವೇ ಅಲ್ಲಿ ಹುಟ್ಟಲಿಲ್ಲ. ಇದನ್ನು ತರಗತಿಯಲ್ಲಿ ಹೇಳಿದರೆ, ಅಂದು ಹುಟ್ಟುಹಬ್ಬವಿದ್ದವರ ಗತಿಯೇನೆಂದು ಮಕ್ಕಳು ತಪ್ಪದೆ ಕೇಳುತ್ತಾರೆ.

ಮುಖ್ಯ ಆಹಾರ ಮೀನು. ಅದನ್ನು ಹಂಚುವ ಅವರ ಪದ್ಧತಿಯು ಗಮನಿಸತಕ್ಕದ್ದಾಗಿದೆ. ಊರಿನ ಗಂಡಸರು ಒಟ್ಟಾಗಿ ಹಿಡಿದು ತಂದ ಮೀನು ಹಿಡಿದವರ ಸ್ವತ್ತಲ್ಲ. ದಡದ ಒಂದು ನಿಗದಿಯಾದ ಜಾಗದಲ್ಲಿ ಎಲ್ಲವನ್ನೂ ಸುರಿಯುತ್ತಾರೆ. ಊರು ನೇಮಿಸಿದ ಹಂಚುಗಾರರು ತಲೆಯ ಲೆಕ್ಕದಲ್ಲಿ ಪಾಲು ಹಾಕುತ್ತಾರೆ. ಪಾಲನ್ನು ಕೂಗಿದಾಗ ಆಯಾ ಗುಂಪಿನ ಮಕ್ಕಳು ಬುಟ್ಟಿ ಹಿಡಿದು ಬಂದು ಒಯ್ಯುತ್ತಾರೆ. ದೋಣಿಗೆ ಹೋಗಲಾರದ ಮುದುಕನಿಗೂ, ವಿಧವೆಗೂ, ಅಂದು ಹುಟ್ಟಿದ ಕೂಸಿಗೂ ಪಾಲುಂಟು. ಇದಕ್ಕೆ ‘ಇನಾಟಿ’ ಎನ್ನುತ್ತಾರೆ. 1960ರ ದಶಕದ ಕೊನೆಯಿಂದ ಈ ದ್ವೀಪಗಳಲ್ಲಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞರಾದ ಜುಡಿತ್ ಹಂಟ್ಸ್‌ಮನ್ ಮತ್ತು ಆಂಟನಿ ಹೂಪರ್ ಇದನ್ನು ವಿವರವಾಗಿ ವರ್ಣಿಸಿದ್ದಾರೆ. ಸಂಬಳದ ನೌಕರಿ, ಅಂಗಡಿಯ ಅಕ್ಕಿ, ಶೀತಲ ಪೆಟ್ಟಿಗೆಗಳು ಬಂದ ಮೇಲೆ ಮನೆಮನೆಗೆ ಅಂತರ ಬೆಳೆದಿರುವುದು ನಿಜವಾದರೂ ಇನಾಟಿ ಅಳಿದಿಲ್ಲ.

ಆಡಳಿತದ ಬೇರೂ ಇಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಪ್ರತಿ ದ್ವೀಪಕ್ಕೂ ಹಿರಿಯರ ಒಂದು ಸಭೆಯುಂಟು; ಅದರ ಹೆಸರು ‘ತೌಪುಲೆಙ’. (ಅವರ ಬರಹದಲ್ಲಿ ರೋಮನ್ ಲಿಪಿಯ ‘ಜಿ’ ಅಕ್ಷರಕ್ಕೆ ನಮ್ಮ ಕವರ್ಗದ ಕೊನೆಯ ಅಕ್ಷರದ ಉಚ್ಚಾರಣೆ. ನಮ್ಮ ವರ್ಣಮಾಲೆಯಲ್ಲಿ ಹೆಚ್ಚು ಕೆಲಸವಿಲ್ಲದೆ ಕುಳಿತಿರುವ ‘ಙ’ಕಾರಕ್ಕೆ ಅಲ್ಲಿ ಕೈತುಂಬ ಕೆಲಸ.) ಮೀನುಗಾರಿಕೆಯ ದಿನ, ತೆಂಗು ಕೀಳುವ ದಿನ, ಶಾಲೆ, ಆಸ್ಪತ್ರೆ, ಬಾವಿ, ಬೀದಿ ಎಲ್ಲವೂ ಈ ಸಭೆಯ ಅಧೀನ. ಮೂರು ವರ್ಷಕ್ಕೊಮ್ಮೆ ಪ್ರತಿ ಊರಿನವರೂ ಮತ ಹಾಕಿ ‘ಫೈಪುಲೆ’ ಎಂಬ ನಾಯಕನನ್ನೂ ‘ಪುಲೆನುಕು’ ಎಂಬ ಊರ ಯಜಮಾನನನ್ನೂ ಆರಿಸುತ್ತಾರೆ. ಮೂರು ಊರುಗಳ ಪ್ರತಿನಿಧಿಗಳು ಸೇರಿದ ಮಹಾಸಭೆ ‘ಫೋನೋ’. ಕಾನೂನು ಮಾಡುವ ಅಧಿಕಾರ ಅದಕ್ಕೆ 1996ರಲ್ಲಿ ದೊರೆಯಿತು. ರಾಜಕೀಯ ಪಕ್ಷಗಳಿಲ್ಲ.

ಹಾಗಾದರೆ ಇಡೀ ನಾಡಿನ ಮುಖ್ಯಸ್ಥ ಯಾರು? ಮೂವರು ಫೈಪುಲೆಗಳು ವರ್ಷಕ್ಕೊಬ್ಬರಂತೆ ಸರದಿಯ ಮೇಲೆ ‘ಉಲು’ ಆಗುತ್ತಾರೆ. ಉಲು ಎಂದರೆ ತಲೆ. ಈ ವರ್ಷ ತಲೆ ಅಟಾಫುವಿನಲ್ಲಿದ್ದರೆ ಬರುವ ವರ್ಷ ಇನ್ನೊಂದು ದ್ವೀಪದಲ್ಲಿ. ಮಹಾಸಭೆಯೂ ಅವರ ಬೆನ್ನ ಹಿಂದೆಯೇ ಸಾಗುತ್ತದೆ. ಆದ್ದರಿಂದ ಟೊಕೆಲಾವಿಗೆ ರಾಜಧಾನಿ ಎಂಬುದೇ ಇಲ್ಲ. ವಿಚಿತ್ರವೆಂದರೆ, ಹಡಗಿನ ಸಂಪರ್ಕದ ದೃಷ್ಟಿಯಿಂದ ಅವರ ಒಂದು ಮುಖ್ಯ ಕಚೇರಿ ಪರದೇಶವಾದ ಸಮೋವಾದ ಏಪಿಯಾದಲ್ಲಿದೆ! 2004ರಲ್ಲಿ ನ್ಯೂಜಿಲೆಂಡ್ ತನ್ನ ಆಡಳಿತಾಧಿಕಾರಿಯ ಅಧಿಕಾರಗಳನ್ನು ಬಿಟ್ಟುಕೊಟ್ಟಾಗ ಕೂಡ ಅವುಗಳನ್ನು ಮಹಾಸಭೆಗೆ ಕೊಡಲಿಲ್ಲ; ಮೂರು ಊರುಗಳ ಹಿರಿಯರ ಸಭೆಗಳಿಗೆ ಕೊಟ್ಟಿತು. ಎಲ್ಲರಿಗೂ ಸೇರಿದ ವಿಷಯಗಳನ್ನು ಮಾತ್ರ ಆ ಸಭೆಗಳೇ ಮಹಾಸಭೆಗೆ ಒಪ್ಪಿಸುತ್ತವೆ. ಅಧಿಕಾರವು ಮೇಲಿನಿಂದ ಕೆಳಕ್ಕೆ ತೊಟ್ಟಿಕ್ಕುವುದನ್ನೇ ಕಂಡ ನಮಗೆ ಇದು ತಲೆಕೆಳಗಾದ ವ್ಯವಸ್ಥೆಯಾಗಿ ಕಾಣಬಹುದು.

ಪರಕೀಯರ ಹಡಗುಗಳ ನೆನಪು ಆ ಜನರಿಗೆ ಒಳ್ಳೆಯದಲ್ಲ. 1765ರಲ್ಲಿ ಬ್ರಿಟಿಷ್ ನಾವಿಕ ಜಾನ್ ಬೈರನ್ ಅಟಾಫುವನ್ನು ಕಂಡು ಹೋದನು. 1791ರಲ್ಲಿ ‘ಬೌಂಟಿ’ ಹಡಗಿನ ದಂಗೆಕೋರರನ್ನು ಹುಡುಕುತ್ತ ಬಂದ ‘ಪಂಡೋರ’ದ ಕಪ್ತಾನ ಎಡ್ವರ್ಡ್ಸ್ ನುಕುನೋನುವನ್ನು ಕಂಡನು. ಇವೆಲ್ಲ ದೂರದಿಂದ ಕಂಡು ಹೆಸರಿಟ್ಟು ಹೋದ ಕಥೆಗಳು. 1863ರಲ್ಲಿ ಬಂದವರು ಬರಿಗೈಯಲ್ಲಿ ಹೋಗಲಿಲ್ಲ. ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ಕೂಲಿಗಳನ್ನು ಹಿಡಿದೊಯ್ಯುವ ಹಡಗುಗಳವರು ಈ ಮೂರು ದ್ವೀಪಗಳಿಂದ ಸುಮಾರು 250 ಜನರನ್ನು, ಎಂದರೆ ಹೆಚ್ಚು ಕಡಿಮೆ ಅರ್ಧ ಜನಸಂಖ್ಯೆಯನ್ನು, ಸಾಗಿಸಿಬಿಟ್ಟರು. ಅವರಲ್ಲಿ ಹೆಚ್ಚಿನವರು ಗಟ್ಟಿಮುಟ್ಟಾದ ಗಂಡಸರು. ಬಹುತೇಕ ಯಾರೂ ಮರಳಲಿಲ್ಲ. ದೋಣಿ ಕಟ್ಟಬಲ್ಲವರು, ಮೀನಿನ ಜಾಡು ಬಲ್ಲವರು ಇಲ್ಲದೆ ಉಳಿದ ಹೆಂಗಸರೂ ಮಕ್ಕಳೂ ಮುದುಕರೂ ಆ ಊರುಗಳನ್ನು ಪುನಃ ಕಟ್ಟಿದರೆಂಬುದನ್ನು ನೆನೆದರೆ, ಇನಾಟಿಯಲ್ಲಿ ದುಡಿಯಲಾರದವರಿಗೂ ಸಮಪಾಲು ಇರುವುದರ ಬೆಲೆ ತಿಳಿಯುತ್ತದೆ.

ಅನಂತರ 1889ರಲ್ಲಿ ಬ್ರಿಟನ್ನಿನ ರಕ್ಷಣೆ, 1916ರಲ್ಲಿ ಗಿಲ್ಬರ್ಟ್–ಎಲ್ಲಿಸ್ ದ್ವೀಪಗಳ ವಸಾಹತಿಗೆ ಸೇರ್ಪಡೆ, 1925ರ ಆದೇಶದಂತೆ ನ್ಯೂಜಿಲೆಂಡಿನ ಆಡಳಿತ. 1948ರ ಕಾಯಿದೆಯ ಪ್ರಕಾರ 1949ರ ಜನವರಿ 1ರಿಂದ ನ್ಯೂಜಿಲೆಂಡಿನದೇ ಭಾಗ. ಜನರೆಲ್ಲ ನ್ಯೂಜಿಲೆಂಡಿನ ಪ್ರಜೆಗಳು.

ಒಂದು ದ್ವೀಪದ ಮಾತು ಉಳಿಯಿತು. ಫಕಾಓಫೊವಿನ ದಕ್ಷಿಣಕ್ಕಿರುವ ‘ಒಲೊಹೆಙ’ವನ್ನು ಟೊಕೆಲಾವಿನವರು ತಮ್ಮ ನಾಲ್ಕನೆಯ ದ್ವೀಪವೆಂದೇ ಎಣಿಸುತ್ತಾರೆ. 1856ರಲ್ಲಿ ಜೆನ್ನಿಂಗ್ಸ್ ಎಂಬ ಅಮೆರಿಕನ್ನನು ಅಲ್ಲಿ ನೆಲಸಿ ತೆಂಗಿನ ತೋಟ ಮಾಡಿಕೊಂಡನು. 1925ರಲ್ಲಿ ಅಮೆರಿಕವು ಅದನ್ನು ತನ್ನ ಸಮೋವಾಕ್ಕೆ ಸೇರಿಸಿಕೊಂಡಿತು. ಈಗ ಅದು ಸ್ವೇನ್ಸ್ ದ್ವೀಪ. 1980ರ ಡಿಸೆಂಬರಿನಲ್ಲಿ ನ್ಯೂಜಿಲೆಂಡ್ ಮತ್ತು ಅಮೆರಿಕಗಳ ನಡುವೆ ಒಪ್ಪಂದವಾಗಿ, ಉಳಿದ ಮೂರರ ಮೇಲಿನ ಹಕ್ಕನ್ನು ಅಮೆರಿಕ ಬಿಟ್ಟಿತು, ನಾಲ್ಕನೆಯದು ಅಮೆರಿಕಕ್ಕೆ ಉಳಿಯಿತು. ಆ ಒಪ್ಪಂದದ ಹೆಸರೇ ‘ಟೊಕೆಹೆಙ’: ಟೊಕೆಲಾವ್, ಒಲೊಹೆಙ ಎರಡೂ ಹೆಸರುಗಳನ್ನು ಬೆಸೆದು ಎರಡೂ ನೆಲಗಳನ್ನು ಅಗಲಿಸಿದ ಕಾಗದ. ದೂರದಲ್ಲಿ ಎಳೆದ ಗೆರೆಯೊಂದು ಮನೆಯಂಗಳದಲ್ಲಿ ಹೇಗೆ ಹಾಯುತ್ತದೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ. 2006ರ ಹೊತ್ತಿಗೆ ಸಿದ್ಧವಾದ ಕರಡು ಸಂವಿಧಾನದಲ್ಲಿ ಆ ಹಿರಿಯರು ಒಲೊಹೆಙದ ಹೆಸರನ್ನು ಮರೆಯದೆ ಬರೆಸಿದರು.

ಆ ಕರಡು ಸಂವಿಧಾನ ಮತ್ತು ನ್ಯೂಜಿಲೆಂಡಿನೊಡನೆಯ ಕರಡು ಒಪ್ಪಂದ, ಇವೆರಡರ ಮೇಲೆಯೇ ಮತದಾನ ನಡೆದದ್ದು. ಕುಕ್ ದ್ವೀಪಗಳು 1965ರಲ್ಲಿ, ನಿಯುವೆ 1974ರಲ್ಲಿ ಆರಿಸಿಕೊಂಡ ದಾರಿಯೇ ಇದು: ಆಳ್ವಿಕೆ ಪೂರ್ಣವಾಗಿ ತಮ್ಮದು, ಪೌರತ್ವವೂ ನೆರವೂ ನ್ಯೂಜಿಲೆಂಡಿನದು. ವಿಶ್ವಸಂಸ್ಥೆಯ ವಸಾಹತು ವಿಮೋಚನಾ ಸಮಿತಿಗೂ ಇದರಲ್ಲಿ ಬಹಳ ಆಸಕ್ತಿಯಿತ್ತು. 2006ರ ಫೆಬ್ರವರಿಯಲ್ಲಿ ಮತ ಚಲಾಯಿಸಿದವರಲ್ಲಿ ಪರವಾಗಿ 349, ವಿರೋಧವಾಗಿ 232. ನಮ್ಮ ಯಾವುದೇ ಚುನಾವಣೆಯಲ್ಲಾದರೆ ಇದು ಮೆರವಣಿಗೆ ಹೊರಡಿಸತಕ್ಕ ಗೆಲವು! ಆದರೆ ಮೂರರಲ್ಲಿ ಎರಡು ಪಾಲು ಮತ ಬೇಕೆಂದು ಮೊದಲೇ ನಿಯಮವಾಗಿತ್ತು. 2007ರ ಅಕ್ಟೋಬರಿನಲ್ಲಿ ಮತ್ತೆ ಮತದಾನವಾಯಿತು: ಪರ 446, ವಿರೋಧ 246. ಈ ಸಲ ಕೊರತೆಯಾದದ್ದು ಕೇವಲ 16 ಮತ.

ಹದಿನಾರು ಮತಗಳೆಂದರೆ ಎರಡು ಮೂರು ಮನೆಗಳವರು. ಇಷ್ಟು ಕಠಿಣವಾದ ನಿಯಮ ಏಕೆ ಬೇಕಿತ್ತೆಂದು ಹೊರಗಿನ ಕೆಲವರು ಆಕ್ಷೇಪಿಸಿದರು. ಆದರೆ ಹಿರಿಯರ ಸಭೆಯಲ್ಲಿ ಎಲ್ಲರೂ ಒಪ್ಪುವ ತನಕ ಮಾತಾಡುತ್ತ ಕೂರುವ ಊರುಗಳಿಗೆ, ಅರ್ಧಕ್ಕಿಂತ ಒಂದು ಮತ ಹೆಚ್ಚು ಬಂದಿತೆಂದು ಉಳಿದರ್ಧವನ್ನು ಬದಿಗೆ ತಳ್ಳುವುದು ರೂಢಿಯಲ್ಲ. ಒಂದೇ ದಡದಲ್ಲಿ ಮೀನು ಹಂಚಿಕೊಳ್ಳಬೇಕಾದವರು ಸೋತವರು–ಗೆದ್ದವರು ಎಂದು ಬೇರ್ಪಡುವುದು ಕಷ್ಟ. ನಿಯಮ ಸರಿಯಾಗಿತ್ತೆಂಬುದೇ ನನ್ನ ಎಣಿಕೆ. ಅದರ ಫಲ ಮಾತ್ರ ಅನೇಕರಿಗೆ ನೋವುಂಟುಮಾಡಿತು.

‘ಬೇಡ’ ಎಂದವರ ಮನಸ್ಸಿನಲ್ಲಿ ಏನಿತ್ತು? ನ್ಯೂಜಿಲೆಂಡಿನ ಕೈ ಸಡಿಲವಾದರೆ ಹಡಗು, ಆಸ್ಪತ್ರೆ, ಪಾಸ್‌ಪೋರ್ಟುಗಳ ಗತಿಯೇನೆಂಬ ಅಳುಕು ಒಂದು. ಇನ್ನೊಂದು, ಕಡಲಾಚೆಯ ಬಂಧುಗಳು. 1966ರ ಚಂಡಮಾರುತದ ಬಳಿಕ ನ್ಯೂಜಿಲೆಂಡ್ ಸರಕಾರವೇ ಅನೇಕ ಕುಟುಂಬಗಳನ್ನು ತನ್ನ ನೆಲಕ್ಕೆ ಕರೆದೊಯ್ದು ನೆಲಸಿಸಿತು. ಅವರ ಹಿಂದೆ ಇತರರೂ ಹೋದರು. 2018ರ ನ್ಯೂಜಿಲೆಂಡ್ ಜನಗಣತಿಯಲ್ಲಿ ತಾವು ಟೊಕೆಲಾವ್ ಮೂಲದವರೆಂದು ಬರೆಸಿದವರು 8,600ಕ್ಕೂ ಹೆಚ್ಚು. ಬಹುಮಂದಿ ವೆಲಿಂಗ್ಟನ್ ಬಳಿಯ ಪೊರಿರುವ ಮತ್ತು ಹಟ್ ಕಣಿವೆಯವರು. ತಾಯ್ನೆಲದಲ್ಲಿರುವವರಿಗಿಂತ ಐದು ಪಾಲಿಗೂ ಮಿಗಿಲಾದ ಇವರಿಗೆ ಮತದಾನದ ಹಕ್ಕಿರಲಿಲ್ಲ. ಅಭಿಪ್ರಾಯವಂತೂ ಇತ್ತು, ಮತ್ತು ಅದು ಪ್ರತಿ ಹಡಗಿನಲ್ಲೂ ಬರುತ್ತಿತ್ತು.

ಭಾಷೆಯ ಚಿಂತೆಯೂ ಅವರದೇ. ದ್ವೀಪಗಳಲ್ಲಿ ಮಾತು ಟೊಕೆಲಾವ್ ಭಾಷೆಯದೇ ಆದರೂ ಬಹುಕಾಲ ಇಗರ್ಜಿಯಲ್ಲಿ ಓದಿದ್ದು ಸಮೋವಾ ಭಾಷೆಯ ಬೈಬಲ್ಲು, ಶಾಲೆಯಲ್ಲಿ ಕಲಿತದ್ದು ಇಂಗ್ಲಿಷು. ಟೊಕೆಲಾವ್ ನಿಘಂಟು ಅಚ್ಚಾದದ್ದು 1986ರಲ್ಲಿ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಮಕ್ಕಳಲ್ಲಿ ಆ ಮಾತು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಅದಕ್ಕಾಗಿ ಅಲ್ಲಿ ವರ್ಷಕ್ಕೊಮ್ಮೆ ಟೊಕೆಲಾವ್ ಭಾಷಾ ಸಪ್ತಾಹ ನಡೆಯುತ್ತದೆ. ಸಪ್ತಾಹದಲ್ಲಿ ಹಾಡಿದ ಮಗು ಉಳಿದ ಐವತ್ತೊಂದು ವಾರ ಅಜ್ಜಿಯೊಡನೆ ಯಾವ ಮಾತಾಡುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇತ್ತ ದ್ವೀಪಗಳು ಸುಮ್ಮನೆ ಕುಳಿತಿಲ್ಲ. 2012ರಲ್ಲಿ 4,032 ಸೌರಫಲಕಗಳನ್ನು ಹಾಕಿ, ಅಲ್ಲಿಯವರೆಗೆ ಡೀಸೆಲಿನಿಂದ ಬರುತ್ತಿದ್ದ ವಿದ್ಯುತ್ತನ್ನು ಬಹುಮಟ್ಟಿಗೆ ಸೂರ್ಯನಿಂದಲೇ ಪಡೆದುಕೊಂಡು ಜಗತ್ತಿನ ಗಮನ ಸೆಳೆದವು. ಕೋವಿಡ್ ರೋಗವನ್ನು 2022ರ ಡಿಸೆಂಬರ್‌ವರೆಗೂ ದಡಕ್ಕೆ ಬಿಡಲಿಲ್ಲ.

ಕಡಲನ್ನು ಹಾಗೆ ತಡೆಯಲಾಗುವುದಿಲ್ಲ. ಭೂಮಿಯ ತಾಪ ಏರಿದಂತೆ ಸಮುದ್ರದ ಮಟ್ಟ ಏರುತ್ತಿದೆ. ದೊಡ್ಡ ಅಲೆಗಳು ಬಂದಾಗ ಉಪ್ಪುನೀರು ಪುಲಾಕದ ಗುಂಡಿಗಳಿಗೆ ನುಗ್ಗಿ ಬೆಳೆಯನ್ನು ಕೊಲ್ಲುತ್ತದೆ. ಊರಿನ ಅಂಚಿಗೆ ಗೋಡೆ ಕಟ್ಟುತ್ತಿದ್ದಾರೆ. ನೆಲ ಮುಳುಗಿದರೆ ಆ ನೆಲದಿಂದ ಅಳೆದ ಮೂರು ಲಕ್ಷ ಚದರ ಕಿಲೋಮೀಟರು ಕಡಲ ಹಕ್ಕು ಯಾರದೆಂಬ ಪ್ರಶ್ನೆಯೂ ಎದ್ದಿತು. ಟೊಕೆಲಾವ್ ಸಹಸದಸ್ಯನಾಗಿರುವ ಪೆಸಿಫಿಕ್ ದ್ವೀಪಗಳ ವೇದಿಕೆಯು 2021ರ ಆಗಸ್ಟಿನಲ್ಲಿ, ಒಮ್ಮೆ ಗೊತ್ತುಮಾಡಿದ ಕಡಲ ಗಡಿಗಳು ನೀರೇರಿದರೂ ಬದಲಾಗತಕ್ಕದ್ದಲ್ಲವೆಂದು ಘೋಷಿಸಿದೆ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಟೊಕೆಲಾವ್ ಇಂದಿಗೂ ಸ್ವಯಮಾಡಳಿತ ಹೊಂದದ ಹದಿನೇಳು ಭೂಭಾಗಗಳಲ್ಲಿ ಒಂದು. ಗೋಡೆಯ ಕಲ್ಲು ಎಲ್ಲಿ ಬೀಳಬೇಕೆಂಬುದನ್ನು ಮಾತ್ರ ಅಲ್ಲಿನ ಹಿರಿಯರ ಸಭೆಯೇ ತೀರ್ಮಾನಿಸುತ್ತದೆ.