ಹನ್ನೊಂದು ಅಡಿಯ ದೋಣಿಯೂ ಅದರ ಕಟ್ಟಳೆಗಳೂ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮೊಮ್ಮಗನು ತನ್ನ ತಂದೆಯ ದೂರವಾಣಿಯಲ್ಲಿ ಒಂದು ಚಲಚ್ಚಿತ್ರವನ್ನು ತೋರಿಸಿ, "ತಾತ, ಇದು ದೋಣಿಯೋ ಹಕ್ಕಿಯೋ?" ಎಂದು ಕೇಳಿದನು. ಒಬ್ಬನೇ ಮನುಷ್ಯನು ಕುಳಿತಿದ್ದ ಪುಟ್ಟ ಹಾಯಿದೋಣಿಯೊಂದು ನೀರನ್ನು ಬಿಟ್ಟು ಮೊಣಕಾಲೆತ್ತರಕ್ಕೂ ಮೇಲೆದ್ದು ಓಡುತ್ತಿದ್ದಿತು. ಯಂತ್ರವಿಲ್ಲ, ಹುಟ್ಟಿಲ್ಲ, ಗಾಳಿಯೊಂದೇ ಬಲ. ಉತ್ತರವನ್ನರಸಿ ಹೊರಟ ನಮಗೆ ಆ ದೋಣಿಗಿಂತಲೂ ಅದರ ಕಟ್ಟಳೆಗಳೇ ಹೆಚ್ಚು ರುಚಿಸಿದುವೆಂದರೆ ವಾಚಕರು ನಗಬಾರದು. ಬಾಳೆಲ್ಲ ಸೂತ್ರಗಳನ್ನು ಪಾಠ ಹೇಳಿದವರ ಚಪಲವಿದು.

ಹಾಯಿದೋಣಿಯ ಪಂದ್ಯಗಳಲ್ಲಿ ಎರಡು ಬಗೆಯುಂಟು. ಒಂದರಲ್ಲಿ ಎಲ್ಲ ದೋಣಿಗಳೂ ಒಂದೇ ಅಚ್ಚಿನಲ್ಲಿ ಎರೆದಂತೆ ಇರತಕ್ಕದ್ದು. ಅಲ್ಲಿ ಪರೀಕ್ಷೆಯು ನಡೆಸುವವನ ಕೈಗೆ ಮಾತ್ರ. ಮತ್ತೊಂದರಲ್ಲಿ ಕೆಲವೇ ಎಲ್ಲೆಗಳನ್ನು ಗೊತ್ತುಮಾಡಿ, ಅವುಗಳೊಳಗೆ ಯಾರು ಹೇಗೆ ಬೇಕಾದರೂ ಕಟ್ಟಬಹುದೆಂದು ಬಿಟ್ಟುಬಿಡುವರು; ಅಲ್ಲಿ ಕಟ್ಟುವವನ ಬುದ್ಧಿಯೂ ಪಣಕ್ಕೆ ಬೀಳುವುದು. ನಮ್ಮ ಮೊಮ್ಮಗನು ತೋರಿಸಿದ 'ಮಾಥ್' ಎಂಬ ದೋಣಿಯು ಈ ಎರಡನೆಯ ಪಂಗಡದ್ದು. ಮಾಥ್ ಎಂದರೆ ದೀಪಕ್ಕೆ ಮುತ್ತುವ ಪತಂಗ.

ಅದರ ಹುಟ್ಟು ಎರಡು ಕಡೆ ಆಯಿತು. 1928ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ಇನ್ವರ್ಲಾಕ್ ಎಂಬ ಊರಿನಲ್ಲಿ ಲೆನ್ ಮಾರಿಸ್ ಎಂಬಾತನು ಹನ್ನೊಂದು ಅಡಿ ಉದ್ದದ, ಚಪ್ಪಟೆ ತಳದ, ಒಂದೇ ಹಾಯಿಯ ದೋಣಿಯನ್ನು ಕಟ್ಟಿ ಅದಕ್ಕೆ 'ಆಲಿವ್' ಎಂದು ಹೆಸರಿಟ್ಟನು. ಮರುವರ್ಷವೇ, ಈ ಸಂಗತಿಯ ಸುಳಿವೂ ಇಲ್ಲದೆ, ಅಮೆರಿಕದ ಉತ್ತರ ಕೆರೊಲಿನಾದ ಎಲಿಜಬೆತ್ ಸಿಟಿಯಲ್ಲಿ ಜೋಯೆಲ್ ವ್ಯಾನ್ ಸ್ಯಾಂಟ್ ಎಂಬಾತನು ಅಷ್ಟೇ ಉದ್ದದ ಇನ್ನೊಂದು ದೋಣಿಯನ್ನು ಸಿದ್ಧಪಡಿಸಿದನು. 1933ರ ಸುಮಾರಿಗೆ ಅಮೆರಿಕದ ಒಂದು ಪತ್ರಿಕೆಯನ್ನೋದಿದ ಆಸ್ಟ್ರೇಲಿಯಾದವರು, ಸಮುದ್ರದಾಚೆ ತಮ್ಮ ದಾಯಾದಿಗಳಿರುವರೆಂದು ಕಂಡು, ಅವರ 'ಮಾಥ್' ಎಂಬ ಹೆಸರನ್ನೇ ತಾವೂ ಇಟ್ಟುಕೊಂಡರು. 1972ರಲ್ಲಿ ಈ ಪಂಗಡಕ್ಕೆ ಅಂತರರಾಷ್ಟ್ರೀಯ ಮನ್ನಣೆಯು ದೊರೆಯಿತು.

ಕಟ್ಟಳೆಗಳ ತಿರುಳಿಷ್ಟೆ: ಉದ್ದವು 3.355 ಮೀಟರನ್ನು, ಎಂದರೆ ಹನ್ನೊಂದು ಅಡಿಯನ್ನು, ಮೀರಬಾರದು. ಅಗಲವು 2.25 ಮೀಟರನ್ನು ಮೀರಬಾರದು. ಹಾಯಿಯ ವಿಸ್ತಾರ ಸುಮಾರು ಎಂಟು ಚದರ ಮೀಟರು. ದೋಣಿಗೆ ಒಡಲು ಒಂದೇ ಇರಬೇಕು. ಜೋಡಿ ಒಡಲು ಕೂಡದು. ತೂಕ ಇಷ್ಟಕ್ಕಿಂತ ಕಡಿಮೆಯಾಗಬಾರದೆಂಬ ಮಾತೇ ಇಲ್ಲ. ವ್ಯಾಕರಣಸೂತ್ರದಂತೆಯೇ ಇಲ್ಲಿಯೂ ಹೇಳಿದುದಕ್ಕಿಂತ ಹೇಳದೆ ಬಿಟ್ಟುದೇ ಹೆಚ್ಚು ಕೆಲಸ ಮಾಡಿದೆ.

ಆ ಮೌನದ ಮೊದಲ ಫಲವನ್ನು ನೋಡಿರಿ. ನೀರಿನಲ್ಲಿ ಓಡುವ ದೋಣಿಯು ತಾನೇ ಎಬ್ಬಿಸಿದ ಅಲೆಯನ್ನು ತಾನೇ ಏರಬೇಕಾಗುವುದು; ದೋಣಿಯು ಗಿಡ್ಡವಾದಷ್ಟೂ ಈ ತೊಡಕು ಬೇಗ ಎದುರಾಗುವುದು. ಉದ್ದವನ್ನು ಹೆಚ್ಚಿಸುವಂತಿಲ್ಲ, ಆದರೆ ಒಡಲನ್ನು ಕಿರಿದಾಗಿಸಬಾರದೆಂದು ಯಾರು ಹೇಳಿದರು? ಕಟ್ಟುವವರು ಅದನ್ನು ಸಣ್ಣಗೆ ಮಾಡುತ್ತ ಬಂದು, ಕಡೆಗೆ ಒಂದು ಅಡಿಯ ಅಗಲಕ್ಕೆ ತಂದರು. ಅಷ್ಟು ಸಪುರವಾದುದು ನೀರಿನಲ್ಲಿ ಮಗುಚದೆ ನಿಲ್ಲುವುದುಂಟೆ? ಅದಕ್ಕಾಗಿ ಎರಡು ಪಕ್ಕಗಳಲ್ಲಿಯೂ ಜಗಲಿಯಂಥ ಚಾಚುಗಳನ್ನು ಹೂಡಿ, ಸವಾರನು ಅವುಗಳ ಅಂಚಿನಲ್ಲಿ ಕುಳಿತು ತನ್ನ ಮೈಭಾರದಿಂದ ತೂಗಿಸುವಂತೆ ಮಾಡಿದರು. ಕಟ್ಟಳೆಯಲ್ಲಿ ಅಗಲದ ಮಿತಿಯು ಈ ಚಾಚುಗಳಿಗೂ ಎಡೆಗೊಟ್ಟಿದ್ದಿತು.

ಬ್ರಿಟನ್ನಿನವರು ಬೇರೆ ದಾರಿ ಹಿಡಿದರು. 1932ರಲ್ಲಿ ಚೆವರ್ಟನ್ ಎಂಬಾತನು ಬರೆದ ನಕ್ಷೆಯೊಂದನ್ನೇ ಸ್ಥಿರಪಡಿಸಿ, ಅದನ್ನು ಅಚ್ಚಿನ ದೋಣಿಯಾಗಿ ಮಾಡಿಕೊಂಡರು. ಬೆಲ್ಜಿಯಮ್ಮಿನಲ್ಲಿ ರೋಲ್ಯಾಂಡ್ ಎಂಬಾತನು ರಚಿಸಿದ ಮತ್ತೊಂದು ಮಾಥ್ 'ಯುರೋಪ್' ಎಂಬ ಹೆಸರಿನಿಂದ ಹಾಗೆಯೇ ಬೇರೆ ಪಂಗಡವಾಗಿ, 1992ರಿಂದ 2004ರವರೆಗೆ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರ ದೋಣಿಯಾಗಿದ್ದಿತು. ಮನೆ ಬಿಟ್ಟು ಬದಲಾಗದೆ ನಿಂತ ಮಗಳಿಗೆ ಒಲಿಂಪಿಕ್ಕಿನ ಗೌರವ; ಬದಲಾಗುತ್ತಲೇ ಇದ್ದ ತಾಯಿಗೆ ಅದು ಇಂದಿಗೂ ಇಲ್ಲ.

ಇನ್ನು ಹಾರಾಟದ ವಿಷಯ. ನೀರಿನೊಳಗೆ ಒಂದು ರೆಕ್ಕೆಯನ್ನು ಮುಳುಗಿಸಿ ವೇಗವಾಗಿ ಎಳೆದರೆ, ವಿಮಾನದ ರೆಕ್ಕೆಯು ಗಾಳಿಯಲ್ಲಿ ಹೇಗೋ ಹಾಗೆ ಅದು ಮೇಲಕ್ಕೆ ಎತ್ತುವುದು. ನೀರು ಗಾಳಿಗಿಂತ ಸುಮಾರು ಎಂಟುನೂರು ಪಾಲು ಸಾಂದ್ರವಾದುದರಿಂದ ರೆಕ್ಕೆಯು ಬಹು ಚಿಕ್ಕದಾದರೂ ಸಾಕು. ಒಡಲು ನೀರನ್ನು ಬಿಟ್ಟೊಡನೆ ಅಲೆಯೇರುವ ತೊಡಕೇ ತಪ್ಪಿತು. 2001ರ ವಿಶ್ವಪಂದ್ಯದಲ್ಲಿ ಬ್ರೆಟ್ ಬರ್ವಿಲ್ ಎಂಬ ಆಸ್ಟ್ರೇಲಿಯಾದವನು, ಪಕ್ಕದ ಚಾಚುಗಳಿಂದ ಓರೆಯಾಗಿ ನೀರಿಗಿಳಿದ ರೆಕ್ಕೆಗಳುಳ್ಳ ದೋಣಿಯಲ್ಲಿ ಎರಡು ಓಟಗಳನ್ನು ಗೆದ್ದನು. ಕೂಡಲೇ ವಿವಾದವೆದ್ದಿತು. ನಡುವೆ ಒಡಲು, ಎರಡು ಪಕ್ಕದಲ್ಲಿ ನೀರನ್ನು ಮುಟ್ಟುವ ಆಧಾರಗಳು. ಇದು ಒಂದೇ ಒಡಲಿನ ದೋಣಿಯೇ? ಅಲ್ಲವೆಂದು ತೀರ್ಮಾನವಾಗಿ ಆ ರಚನೆಯು ನಿಷಿದ್ಧವಾಯಿತು.

ರೆಕ್ಕೆಯೇ ಕೂಡದೆಂದು ಮಾತ್ರ ಅವರು ಹೇಳಲಿಲ್ಲ. ಸಿಡ್ನಿಯ ಇಯನ್ ವಾರ್ಡ್ ಎಂಬಾತನು ದೋಣಿಯ ನಡುಗೆರೆಯಲ್ಲಿಯೇ ರೆಕ್ಕೆಗಳನ್ನಿಟ್ಟು ಓಡಿಸಬಹುದೆಂದು ತೋರಿಸಿದ್ದನು. ಪರ್ತ್ ನಗರದ ಗಾರ್ತ್ ಮತ್ತು ಜಾನ್ ಐಲೆಟ್ ಎಂಬವರು ಅದನ್ನು ಪಳಗಿಸಿದರು. ಪ್ರತಿಯೊಂದು ದೋಣಿಗೂ ನಡುವೆ ನೀರಿಗಿಳಿದ ಒಂದು ಹಲಗೆ, ಹಿಂದೆ ಒಂದು ಚುಕ್ಕಾಣಿ ಇದ್ದೇ ಇರುವುವಷ್ಟೆ. ಇವೆರಡರ ತುದಿಗೂ ಅಡ್ಡಲಾಗಿ ಒಂದೊಂದು ರೆಕ್ಕೆ. ಮೂತಿಯಿಂದ ಒಂದು ತೆಳುವಾದ ಕಡ್ಡಿಯು ನೀರಿನ ಮೇಲೆ ತೇಲುತ್ತ ಬರುವುದು. ದೋಣಿಯು ತಗ್ಗಿದರೆ ನೀರು ಆ ಕಡ್ಡಿಯನ್ನು ಹಿಂದಕ್ಕೆ ತಳ್ಳುವುದು. ಆಗ ಮುಂದಿನ ರೆಕ್ಕೆಯ ಹಿಂಬದಿಯ ಎಸಳು ಕೆಳಗೆ ಮಡಿದು ದೋಣಿಯನ್ನೆತ್ತುವುದು. ಮಿತಿಮೀರಿ ಎದ್ದರೆ ಕಡ್ಡಿಯು ಜೋಲುಬಿದ್ದು ಎಸಳು ಹಿಂದಿರುಗುವುದು. ಸವಾರನು ಮುಟ್ಟಬೇಕಾದ್ದೇ ಇಲ್ಲ. ಈ ಬಗೆಯ ದೋಣಿಯಲ್ಲಿ ರೋಹನ್ ವೀಲ್ ಎಂಬಾತನು 2005ರಲ್ಲಿ ಮೆಲ್ಬರ್ನಿನಲ್ಲಿ ವಿಶ್ವವಿಜಯಿಯಾದನು. ಇಂದು ಸಜ್ಜಾದ ಮಾಥ್ ಸುಮಾರು 30 ಕಿಲೋಗ್ರಾಂ ತೂಗುವುದು; ಅದರ ವೇಗವು ಗಂಟೆಗೆ 55 ಕಿಲೋಮೀಟರನ್ನೂ ದಾಟಿದೆ.

ಬರ್ವಿಲ್ಲನಿಗೆ ಅನ್ಯಾಯವಾಯಿತೆ? ನಾವು ಬಹಳ ಹೊತ್ತು ಯೋಚಿಸಿದೆವು. ಹಾರುವುದು ತಪ್ಪಾಗಿದ್ದರೆ ಇಬ್ಬರದೂ ತಪ್ಪು. ತಪ್ಪಲ್ಲವಾದರೆ ಒಬ್ಬನನ್ನೇಕೆ ತಡೆಯಬೇಕು? ಆದರೆ ಪ್ರಶ್ನೆ ಹಾರುವುದರದಲ್ಲ, ಒಡಲುಗಳ ಎಣಿಕೆಯದು. ತೀರ್ಪುಗಾರರು ಬರೆದಿದ್ದ ನಿಷೇಧವನ್ನೇ ಹಿಡಿದರು, ಹೊಸದನ್ನು ಹುಟ್ಟಿಸಲಿಲ್ಲ. ಗೆರೆಯು ಕೂದಲೆಳೆಯಷ್ಟು ತೆಳುವೆಂಬುದು ದಿಟ. ಆದರೂ ನಾವು ಆ ಪೀಠದಲ್ಲಿ ಕುಳಿತಿದ್ದರೆ ಅದನ್ನೇ ಹೇಳುತ್ತಿದ್ದೆವು.

ನಮ್ಮ ಮನಸ್ಸನ್ನು ಕಲಕುವುದು ಬೇರೊಂದು. ಹಿಂದೆ ಪದರಹಲಗೆಯನ್ನೂ ಗೋಂದನ್ನೂ ತಂದು, ಮನೆಯ ಕೊಟ್ಟಿಗೆಯಲ್ಲಿ ಸಂಜೆಯ ಹೊತ್ತು ಈ ದೋಣಿಯನ್ನು ಕಟ್ಟುವ ಗೃಹಸ್ಥರಿದ್ದರು. ಕಾರ್ಬನ್ ನಾರಿನ ಒಡಲು, ಕೂದಲಷ್ಟೂ ತಪ್ಪದ ರೆಕ್ಕೆ ಎಂದಾಗ ಕೆಲಸವು ಕೊಟ್ಟಿಗೆಯಿಂದ ಕಾರ್ಖಾನೆಗೆ ಹೋಯಿತು. ಅವರು ಕಷ್ಟಪಟ್ಟು ಕಟ್ಟಿದ ದೋಣಿಯು ಮುರಿಯಲಿಲ್ಲ, ಸೋರಲಿಲ್ಲ. ಕೆಲವೇ ವರ್ಷಗಳಲ್ಲಿ ಗೆಲ್ಲಲಾರದ್ದಾಯಿತು, ಅಷ್ಟೆ. ಕಟ್ಟಳೆಯ ಒಂದಕ್ಷರವೂ ಅವರಿಗೆ ವಿರುದ್ಧವಾಗಿ ಬದಲಾಗಿರಲಿಲ್ಲವೆಂಬುದೇ ಅವರಿಗೆ ಹೆಚ್ಚು ನೋವನ್ನುಂಟುಮಾಡಿರಬೇಕು.

ಅಮೆರಿಕದಲ್ಲಿ ಕೆಲವರು ಹಳೆಯ ಬಗೆಯ ಮಾಥ್‌ಗಳಿಗೆ ತಮ್ಮದೇ ಸಂಘವನ್ನು ಕಟ್ಟಿಕೊಂಡು, ವ್ಯಾನ್ ಸ್ಯಾಂಟನ ದೋಣಿಯು ಮೊದಲು ನೀರಿಗಿಳಿದ ಎಲಿಜಬೆತ್ ಸಿಟಿಯಲ್ಲಿಯೇ ಪಂದ್ಯಗಳನ್ನು ನಡೆಸುತ್ತಿರುವರು. ಅವು ಹಾರುವುದಿಲ್ಲ. ಅವುಗಳ ಚಿತ್ರವನ್ನೂ ನಾವು ಮೊಮ್ಮಗನಿಗೆ ತೋರಿಸಿದೆವು. ಅವನು ಕ್ಷಣಕಾಲ ನೋಡಿ, "ಇಂಥದನ್ನಾದರೆ ನಾವೇ ಕಟ್ಟಬಹುದೇ ತಾತ?" ಎಂದನು.